ಹೊಂಗೆ ಎಣ್ಣೆಯಿಂದ ಕಬ್ಬಿನ ಪೆಟ್ರೋಲಿನವರೆಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಬಂಕುಗಳಲ್ಲಿ ಶೇ. 20 ಎಥನಾಲ್ (ಕಬ್ಬು, ಧಾನ್ಯದಿಂದ ಮಾಡುವ ಆಲ್ಕೊಹಾಲ್) ಬೆರೆತ ಪೆಟ್ರೋಲು ಬರತೊಡಗಿದ ಮೇಲೆ ಈ ಅಂಕಣಕ್ಕೆ ಎರಡು ಕಡೆಯಿಂದ ಪತ್ರಗಳು ಬರುತ್ತಿವೆ. ಗಾಡಿ ಇರುವವರಿಗೆ ಎಂಜಿನ್ನಿನ ಚಿಂತೆ, ಹೊಲ ಇರುವವರಿಗೆ ಇದರಲ್ಲಿ ನಮಗೇನು ಸಿಗುತ್ತದೆ ಎಂಬ ಲೆಕ್ಕ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ನನ್ನದು 2016ರ ಕಾರ್ಬುರೇಟರ್ ಬೈಕು. ಲೀಟರಿಗೆ 50 ಕಿ.ಮೀ. ಕೊಡುತ್ತಿದ್ದದ್ದು ಈಗ 42ಕ್ಕೆ ಇಳಿದಿದೆ. ಎಥನಾಲೇ ಕಾರಣವೇ? ಎಂಜಿನ್ ಹಾಳಾಗುತ್ತದೆಯೇ?
— ಓದುಗರು, ದಾವಣಗೆರೆ

ಇಳಿದ ಎಂಟೂ ಕಿಲೋಮೀಟರನ್ನು ಎಥನಾಲಿನ ತಲೆಗೆ ಕಟ್ಟಬೇಡಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥನಾಲಿನಲ್ಲಿ ಇರುವುದು 21. ಐದರಲ್ಲಿ ಒಂದು ಪಾಲು ಎಥನಾಲ್ ಬೆರೆಸಿದರೆ ಶುದ್ಧ ಪೆಟ್ರೋಲಿಗಿಂತ ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿ ಹಳೆಯ ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4ರಷ್ಟು, ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಮೈಲೇಜ್ ಇಳಿಯಬಹುದು ಎಂದಿತ್ತು. ದೊಡ್ಡ ಅಂಕಿಯನ್ನೇ ಹಿಡಿದರೂ ನಿಮ್ಮ 50 ಇಳಿಯಬೇಕಾದದ್ದು 46ಕ್ಕೆ. ಉಳಿದ ನಾಲ್ಕು ಬೇರೆ ಕಡೆ ಸೋರುತ್ತಿದೆ. ಟೈರಿನ ಗಾಳಿ, ಚೈನಿನ ಬಿಗಿ, ಏರ್ ಫಿಲ್ಟರು, ಹಿಡಿದುಕೊಂಡ ಬ್ರೇಕು, ಇವನ್ನು ಮೊದಲು ನೋಡಿ.

ಇನ್ನೊಂದು ಕಾರಣ ಕಾರ್ಬುರೇಟರಿನಲ್ಲೇ ಇರಬಹುದು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು, ಶೇ. 20ರ ಮಿಶ್ರಣಕ್ಕೆ ಸುಮಾರು 13.5. ಇಂಜೆಕ್ಷನ್ ಇರುವ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಆಮ್ಲಜನಕದ ಸೆನ್ಸರ್ ಹೊಗೆ ನೋಡಿ ಇಂಧನ ಹೆಚ್ಚಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಕಣ್ಣಿಲ್ಲ. ಅದು ಹಳೆಯ ಅಳತೆಯಲ್ಲೇ ಇಂಧನ ಬಿಡುತ್ತದೆ, ಮಿಶ್ರಣದಲ್ಲಿ ಗಾಳಿ ಹೆಚ್ಚಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಆಗಲು ತಕರಾರು, ಆಕ್ಸಿಲರೇಟರ್ ತಿರುಗಿಸಿದಾಗ ಒಂದು ಕ್ಷಣ ತಡವರಿಕೆ, ಬಿಳಿಚಿಕೊಂಡ ಸ್ಪಾರ್ಕ್ ಪ್ಲಗ್ ಇದರ ಗುರುತು. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಸರಿಯಿದೆ ಎಂದರ್ಥ.

ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ನಿಂತಾಗಿನ ಓಟ ಸುಧಾರಿಸುತ್ತದೆ. ಆದರೆ ಯಾವ ಕಡೆಗೆ ತಿರುಗಿಸುವುದು? ಸ್ಕ್ರೂ ಎಂಜಿನ್ನಿನ ಕಡೆಗಿದ್ದರೆ ಅದು ಇಂಧನದ ಸ್ಕ್ರೂ, ಬಿಚ್ಚಿದಷ್ಟೂ ಇಂಧನ ಹೆಚ್ಚು. ಏರ್ ಫಿಲ್ಟರಿನ ಕಡೆಗಿದ್ದರೆ ಗಾಳಿಯ ಸ್ಕ್ರೂ, ಬಿಗಿ ಮಾಡಿದಷ್ಟೂ ಇಂಧನ ಹೆಚ್ಚು. ಇದನ್ನು ಅದಲುಬದಲು ಮಾಡಿ ಗಾಡಿ ಇನ್ನಷ್ಟು ಕೆಟ್ಟಿತು ಎನ್ನುವವರೇ ಹೆಚ್ಚು. ವೇಗದಲ್ಲಿ ಹೋಗುವಾಗಲೂ ತಡವರಿಸಿದರೆ ಮೇನ್ ಜೆಟ್ (ಇಂಧನ ಹರಿಯುವ ಸಣ್ಣ ತೂತಿನ ಭಾಗ) ಒಂದು ಸೈಜು ದೊಡ್ಡದು ಹಾಕಿಸಬೇಕು. ಅದು ಮೆಕ್ಯಾನಿಕ್ ಕೆಲಸ.

ಎಂಜಿನ್ ಹಾಳಾಗುತ್ತದೆಯೇ ಎಂದರೆ, ಮೊದಲು ಸೋಲುವುದು ಪಿಸ್ಟನ್ ಅಲ್ಲ, ರಬ್ಬರು. ಹಳೆಯ ಪೆಟ್ರೋಲ್ ಪೈಪು, ಕಾರ್ಬುರೇಟರ್ ಬಟ್ಟಲಿನ ಓರಿಂಗು, ಟ್ಯಾಪಿನ ವಾಷರು ಎಥನಾಲಿಗೆ ಉಬ್ಬುತ್ತವೆ, ಒಣಗಿದಾಗ ಬಿರುಕು ಬಿಡುತ್ತವೆ. ವರ್ಷಕ್ಕೊಮ್ಮೆ ಪೈಪನ್ನು ಬಗ್ಗಿಸಿ ನೋಡಿ. ಗೀರು ಕಂಡರೆ ಎಥನಾಲ್ ತಾಳುವ ಫ್ಲೋರೋಕಾರ್ಬನ್ ರಬ್ಬರಿನದು ಹಾಕಿಸಿ. ಎಥನಾಲ್ ಟ್ಯಾಂಕಿನ ಹಳೆಯ ಕೊಳೆಯನ್ನೂ ಸಡಿಲಿಸಿ ಕೆಳಗೆ ತರುವುದರಿಂದ ಫಿಲ್ಟರನ್ನು ಒಂದೆರಡು ಸಲ ಬೇಗ ಬದಲಿಸಬೇಕಾದೀತು. 2023ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಭಾಗಗಳು ಇದಕ್ಕೆಂದೇ ಮಾಡಿದವು. ಅದಕ್ಕಿಂತ ಹಳೆಯದಾದರೆ ಮಾಲೀಕರ ಕೈಪಿಡಿಯಲ್ಲಿ ಎಷ್ಟು ಶೇಕಡಾ ಎಥನಾಲ್ ಎಂದಿದೆಯೋ ನೋಡಿಕೊಳ್ಳಿ.

ಎಥನಾಲಿನ ಆಕ್ಟೇನ್ (ಒತ್ತಡದಲ್ಲಿ ತಾನಾಗಿ ಸಿಡಿಯದೆ ತಾಳುವ ಗುಣ) ಹೆಚ್ಚು, ಆದ್ದರಿಂದ ಎಂಜಿನ್ನಿಗೆ ಒಳ್ಳೆಯದು ಎಂಬ ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಒತ್ತಡದ ಅನುಪಾತ ಹೆಚ್ಚಿಸಿ ಕಟ್ಟಿದ ಎಂಜಿನ್ ಮಾತ್ರ ಆ ಲಾಭ ಪಡೆಯುತ್ತದೆ. ನಿಮ್ಮ 2016ರ ಬೈಕಿಗೆ ಅದು ಉಣ್ಣಲಾಗದ ಹೋಳಿಗೆ.

ಬಂಕಿನವರು ಶೇ. 20ಕ್ಕಿಂತ ಹೆಚ್ಚು ಎಥನಾಲ್ ಬೆರೆಸುತ್ತಾರೆ ಎಂಬ ಅನುಮಾನ. ಮನೆಯಲ್ಲೇ ಪರೀಕ್ಷಿಸಬಹುದೇ? ಮಳೆಗಾಲದಲ್ಲಿ ಮೂರು ತಿಂಗಳು ಗಾಡಿ ನಿಲ್ಲಿಸಿದರೆ ಏನಾಗುತ್ತದೆ?
— ಓದುಗರು, ಮಡಿಕೇರಿ

ಪರೀಕ್ಷೆ ಸುಲಭ. 100 ಮಿ.ಲೀ. ಗೆರೆಯಿರುವ ಗಾಜಿನ ಅಳತೆ ಕೊಳವೆಗೆ 10 ಮಿ.ಲೀ. ನೀರು ಹಾಕಿ, 100ರ ಗೆರೆಯವರೆಗೆ ಪೆಟ್ರೋಲು ತುಂಬಿ. ಮುಚ್ಚಿ ಅರ್ಧ ನಿಮಿಷ ಅಲುಗಿಸಿ, ಹತ್ತು ನಿಮಿಷ ಬಿಡಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಸೇರುತ್ತದೆ, ಕೆಳಗಿನ ಪದರ ಬೆಳೆಯುತ್ತದೆ. ಶೇ. 20 ಇದ್ದರೆ 90 ಮಿ.ಲೀ. ಪೆಟ್ರೋಲಿನಲ್ಲಿ 18 ಮಿ.ಲೀ. ಎಥನಾಲ್ ಇರಬೇಕು; ಗೆರೆ 28ರ ಆಸುಪಾಸು ನಿಲ್ಲುತ್ತದೆ. ಒಂದೆರಡು ಮಿ.ಲೀ. ಹೆಚ್ಚುಕಡಿಮೆ ಸಹಜ, 35ಕ್ಕೆ ಹೋದರೆ ಮಾತ್ರ ಕೇಳಬೇಕಾದ ವಿಷಯ. ಬೆಂಕಿ, ಬೀಡಿ, ಮೊಬೈಲ್ ಚಾರ್ಜರು ದೂರವಿರಲಿ, ಕೆಲಸ ಬಯಲಲ್ಲಾಗಲಿ.

ನಿಮ್ಮ ಟ್ಯಾಂಕಿನೊಳಗೆ ಮಳೆನೀರು ಇಳಿದರೆ ಆಗುವುದೂ ಇದೇ. ಮಿಶ್ರಣ ಸ್ವಲ್ಪ ನೀರನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ, ಸುಮಾರು ಶೇ. ಅರ್ಧದಿಂದ ಒಂದರವರೆಗೆ. ಹತ್ತು ಲೀಟರಿಗೆ ಒಂದು ಸಣ್ಣ ಲೋಟ. ಅದು ಮೀರಿದ ಕೂಡಲೇ ನೀರು ಮತ್ತು ಎಥನಾಲ್ ಎರಡೂ ಸೇರಿ ತಳಕ್ಕೆ ಕೂರುತ್ತವೆ, ಎಂಜಿನ್ ಹೀರುವುದೂ ತಳದಿಂದಲೇ. ಅಲುಗಾಡಿಸಿದರೆ ಮತ್ತೆ ಬೆರೆಯುವುದಿಲ್ಲ, ಪೂರ್ತಿ ಬಸಿಯಬೇಕು. ಗಾಳಿಯ ತೇವದಿಂದಲೇ ಇಷ್ಟು ನೀರು ಸೇರುವುದು ಅಪರೂಪ, ಕಳ್ಳ ಸಾಮಾನ್ಯವಾಗಿ ಟ್ಯಾಂಕಿನ ಮುಚ್ಚಳದ ರಬ್ಬರು. ಅದನ್ನು ಬದಲಿಸಿ, ಟ್ಯಾಂಕು ಕಂಠಮಟ್ಟ ತುಂಬಿಸಿ, ಟ್ಯಾಪು ಮುಚ್ಚಿ, ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲನ್ನು ಬಸಿದು ಗಾಡಿ ನಿಲ್ಲಿಸಿ. ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿದರೆ ಖಾಲಿ ಜಾಗದ ತಗಡು ತುಕ್ಕು ಹಿಡಿಯುತ್ತದೆ.

ಬದುವಿನಲ್ಲಿ 30 ಹೊಂಗೆ ಮರಗಳಿವೆ, ಹತ್ತು ಹನ್ನೆರಡು ವರ್ಷದವು. ಬೀಜ ಮಾರುವುದೋ, ಎಣ್ಣೆ ತೆಗೆಸಿ ಪಂಪ್‌ಸೆಟ್ಟಿಗೆ ಬಳಸುವುದೋ?
— ಓದುಗರು, ಅರಸೀಕೆರೆ

ಮರ ಮರಕ್ಕೂ ಇಳುವರಿ ಬೇರೆ. ಒಂದು ಮರ ಸಿಪ್ಪೆ ತೆಗೆದ ಬೀಜ 10ರಿಂದ 15 ಕಿಲೋ ಕೊಟ್ಟಿತೆಂದು ಹಿಡಿಯೋಣ, ಒಟ್ಟು 300ರಿಂದ 450 ಕಿಲೋ. ಬೀಜದಲ್ಲಿ ಎಣ್ಣೆ ಶೇ. 30ರ ಮೇಲಿದ್ದರೂ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಯಂತ್ರದಲ್ಲಿ ಕೈಗೆ ಬರುವುದು ಶೇ. 25ರಷ್ಟು. ಸುಲಭದ ಲೆಕ್ಕ: ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ, ಮೂರು ಕಿಲೋ ಹಿಂಡಿ. ನಿಮಗೆ 80ರಿಂದ 115 ಲೀಟರ್ ಸಿಕ್ಕೀತು. ಐದು ಅಶ್ವಶಕ್ತಿಯ ಡೀಸೆಲ್ ಪಂಪು ಗಂಟೆಗೆ ಒಂದು ಲೀಟರಿನ ಮೇಲೆ ಕುಡಿಯುತ್ತದೆ. ಅಂದರೆ ವರ್ಷದ ಫಸಲು ಪಂಪಿಗೆ 70ರಿಂದ 100 ಗಂಟೆಯ ಮೇವು.

ಮಾರುವುದೋ ಹಿಂಡಿಸುವುದೋ ಎಂಬುದಕ್ಕೆ ಆ ದಿನದ ಪೇಟೆಯೇ ಉತ್ತರ ಹೇಳಬೇಕು. ನಾಲ್ಕು ಕಿಲೋ ಬೀಜದ ಬೆಲೆಗೆ ಗಾಣದ ಕೂಲಿ ಸೇರಿಸಿ, ಅದರಿಂದ ಮೂರು ಕಿಲೋ ಹಿಂಡಿಯ ಬೆಲೆ ಕಳೆಯಿರಿ. ಬಂದದ್ದು ಒಂದು ಲೀಟರ್ ಡೀಸೆಲ್ ಬೆಲೆಗಿಂತ ಹೆಚ್ಚಿದ್ದರೆ ಬೀಜವನ್ನೇ ಮಾರಿ. ಅನೇಕ ವರ್ಷ ಹೆಚ್ಚೇ ಇರುತ್ತದೆ. ಸಾಬೂನು ಮತ್ತು ಕೀಟನಾಶಕದವರು ಇದೇ ಎಣ್ಣೆಗೆ ಕಾದಿರುತ್ತಾರೆ.

ಹೊಂಗೆಯ ನಿಜವಾದ ಲಾಭ ಹಿಂಡಿಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಅದರಲ್ಲಿ ಶೇ. 4ರಷ್ಟು ಸಾರಜನಕ, 300 ಕಿಲೋ ಹಿಂಡಿ ಅರ್ಧ ಚೀಲಕ್ಕಿಂತ ತುಸು ಹೆಚ್ಚು ಯೂರಿಯಾಕ್ಕೆ ಸಮ. ಯೂರಿಯಾದಂತೆ ಒಮ್ಮೆಗೇ ಕರಗಿ ಹೋಗದೆ ನಿಧಾನವಾಗಿ ಬಿಡುತ್ತದೆ, ಏಕೆಂದರೆ ಅದರಲ್ಲಿರುವ ಕರಂಜಿನ್ ಸಾರಜನಕವನ್ನು ನೈಟ್ರೇಟಾಗಿಸುವ ಸೂಕ್ಷ್ಮಜೀವಿಗಳ ಕೈ ಕಟ್ಟುತ್ತದೆ. ಆದರೆ ದನಕ್ಕೆ ಹಾಕಬೇಡಿ, ಕಹಿಯೂ ಹೌದು, ಒಗ್ಗುವುದೂ ಇಲ್ಲ.

ಕೆಡುವುದು ಎಲ್ಲೆಂದರೆ ಒಣಗಿಸುವಲ್ಲಿ. ಕಾಯಿ ಉದುರಿ ಇಬ್ಬನಿಯಲ್ಲಿ ಬಿದ್ದಿದ್ದರೆ, ಬೀಜವನ್ನು ಹಸಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ, ಎಣ್ಣೆಯ ಆಮ್ಲ ಏರುತ್ತದೆ. ಅದು ಮುಂದೆ ಬಯೋಡೀಸೆಲ್ (ಸಸ್ಯದ ಎಣ್ಣೆಯಿಂದ ಮಾಡುವ, ಡೀಸೆಲ್‌ನಂಥ ಇಂಧನ) ಮಾಡುವಾಗ ಎಲ್ಲವನ್ನೂ ಕೆಡಿಸುತ್ತದೆ. ಮರದಡಿ ತಾಡಪಾಲು ಹಾಸಿ ಬಡಿದು, ಮೂರ್ನಾಲ್ಕು ದಿನ ಬಿಸಿಲಿಗೆ ಹಾಕಿ, ಕಚ್ಚಿದರೆ ಟಕ್ಕೆಂದು ಮುರಿಯುವಷ್ಟು ಒಣಗಿದ ಮೇಲೆ ಸೆಣಬಿನ ಚೀಲಕ್ಕೆ ತುಂಬಿ. ಆರಿಸಿ, ಬಡಿದು, ಸಿಪ್ಪೆ ಬಿಡಿಸುವ ಕೂಲಿ ಲೆಕ್ಕಕ್ಕೆ ಹಿಡಿದರೆ ಲಾಭ ಕರಗುತ್ತದೆ. ಹೊಂಗೆಯ ಆರ್ಥಿಕತೆ ಮನೆಯವರ ಕೈಗಳ ಮೇಲೆ ನಿಂತಿದೆ. ಹೊಸದಾಗಿ ನೆಡುವುದಾದರೆ ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದೆ, ನಿಮಗೆ ಹತ್ತಿರವೇ. ಬೀಜದ ಸಸಿಗಿಂತ ಕಸಿಯ ಸಸಿ ಕೇಳಿ.

ಹಿಂಡಿದ ಹೊಂಗೆ ಎಣ್ಣೆಯನ್ನು ಸೋಸಿ ನೇರವಾಗಿ ಡೀಸೆಲ್ ಎಂಜಿನ್ನಿಗೆ ಹಾಕಬಹುದು ಎನ್ನುತ್ತಾರೆ. ನಿಜವೇ?
— ಓದುಗರು, ಚಿಂತಾಮಣಿ

ಓಡುತ್ತದೆ. ಎಷ್ಟು ದಿನ ಎಂಬುದು ಪ್ರಶ್ನೆ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಆದರೆ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕೂ ಮೀರಿ ಮಂದ. ಇಂಜೆಕ್ಟರಿನಿಂದ ಮಂಜಿನಂತೆ ಸಿಂಪಡಿಕೆಯಾಗದೆ ಹನಿಹನಿಯಾಗಿ ಬೀಳುತ್ತದೆ. ಹನಿ ಪೂರ್ತಿ ಉರಿಯದೆ ಇಂಜೆಕ್ಟರಿನ ಮೂತಿಗೆ ಇದ್ದಿಲು ಕಟ್ಟುತ್ತದೆ, ಪಿಸ್ಟನ್ ರಿಂಗುಗಳು ಅಂಟಿಕೊಳ್ಳುತ್ತವೆ, ಉರಿಯದ ಎಣ್ಣೆ ಕೆಳಗಿಳಿದು ಎಂಜಿನ್ ಆಯಿಲನ್ನು ಜೋನಿಬೆಲ್ಲದಂತೆ ಮಾಡುತ್ತದೆ. ಮೊದಲ ತಿಂಗಳು ಏನೂ ಗೊತ್ತಾಗುವುದಿಲ್ಲ, ಅದೇ ಮೋಸ.

ಹಳೆಯ ಕಾಲದ ನಿಧಾನ ಓಟದ, ದಪ್ಪ ಫ್ಲೈವೀಲಿನ ಒಂಟಿ ಸಿಲಿಂಡರ್ ಎಂಜಿನ್ ಇದ್ದರೆ ಹೀಗೆ ಮಾಡಬಹುದು: ಎರಡು ಟ್ಯಾಂಕು ಇಡಿ. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಿ. ಸೈಲೆನ್ಸರಿನ ಬಿಸಿಯಿಂದ ಎಣ್ಣೆ 70ರಿಂದ 80 ಡಿಗ್ರಿಗೆ ಕಾದ ಮೇಲೆ ಅದಕ್ಕೆ ಬದಲಿಸಿ. ನಿಲ್ಲಿಸುವ ಹತ್ತು ನಿಮಿಷ ಮುಂಚೆ ಮತ್ತೆ ಡೀಸೆಲ್‌ಗೆ ಬನ್ನಿ, ಪೈಪಿನಲ್ಲಿ ಎಣ್ಣೆ ಉಳಿಯಬಾರದು. ಎಂಜಿನ್ ಆಯಿಲ್ ಅರ್ಧ ಅವಧಿಗೇ ಬದಲಿಸಿ. ಕಾಮನ್ ರೈಲ್ (ಅತಿ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಹೊಸ ಬಗೆಯ ವ್ಯವಸ್ಥೆ) ಇರುವ ಟ್ರ್ಯಾಕ್ಟರು, ಜೀಪು, ಕಾರಿಗೆ ಒಂದು ಹನಿಯೂ ಬೇಡ. ಅದರ ಇಂಜೆಕ್ಟರಿನ ಬೆಲೆಗೆ ವರ್ಷದ ಡೀಸೆಲ್ ಬರುತ್ತದೆ.

ನಮ್ಮದು ಖಾನಾವಳಿ. ಕರಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಿ ಜನರೇಟರಿಗೆ ಬಳಸುವ ಆಸೆ. ವಿಧಾನ, ಅಳತೆ, ಅಪಾಯ ತಿಳಿಸಿ.
— ಓದುಗರು, ಹುಬ್ಬಳ್ಳಿ

ಅಪಾಯವೇ ಮೊದಲು. ಇದಕ್ಕೆ ಬೇಕಾದ ಮೆಥನಾಲ್ ವಿಷ. ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಹಬೆ ಎಳೆದರೂ, ಚರ್ಮಕ್ಕೆ ತಾಗುತ್ತಿದ್ದರೂ ಮೈ ಸೇರುತ್ತದೆ. ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಕೊಳ್ಳಲು, ಇಟ್ಟುಕೊಳ್ಳಲು ಪರವಾನಗಿ ಬೇಕು. ಅಡುಗೆಮನೆಯ ಹತ್ತಿರ, ಅಡುಗೆಯ ಪಾತ್ರೆಯಲ್ಲಿ ಎಂದಿಗೂ ಬೇಡ. ಬಟ್ಟೆಯ ಮುಖಗವಸು ಮೆಥನಾಲ್ ಹಬೆಯನ್ನು ತಡೆಯುವುದಿಲ್ಲ. ಬಯಲು, ರಬ್ಬರ್ ಕೈಗವಸು, ಕನ್ನಡಕ, ಪಕ್ಕದಲ್ಲಿ ಬಕೆಟ್ ನೀರು ಇಷ್ಟೂ ಇರಲಿ. ಕಾಯಿಸಲು ಉರಿಯಲ್ಲ, ಮುಚ್ಚಿದ ವಿದ್ಯುತ್ ಹೀಟರ್ ಬೇಕು.

ಎಣ್ಣೆಯನ್ನು ಸೋಸಿ, 105 ಡಿಗ್ರಿಗೆ ಕಾಯಿಸಿ, ಗುಳ್ಳೆ ನಿಲ್ಲುವವರೆಗೆ ನೀರು ಹಾರಿಸಿ ತಣಿಸಿ. ಬಳಿಕ ಆಮ್ಲ ನೋಡಬೇಕು. ಒಂದು ಲೀಟರ್ ಬಟ್ಟಿನೀರಿನಲ್ಲಿ ಒಂದು ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ. ಬೇರೆ ಲೋಟದಲ್ಲಿ 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಒಂದು ಮಿ.ಲೀ. ಎಣ್ಣೆ, ಎರಡು ಹನಿ ಫಿನಾಲ್ಫ್ತಲೀನ್ (ಆಮ್ಲ ಮುಗಿದಾಗ ಗುಲಾಬಿಯಾಗುವ ಸೂಚಕ ದ್ರವ) ಹಾಕಿ, ಆ ಸೋಡಾ ನೀರನ್ನು ಹನಿಹನಿಯಾಗಿ ಬಿಡಿ. ಗುಲಾಬಿ ಬಣ್ಣ ಹತ್ತು ಸೆಕೆಂಡ್ ನಿಂತರೆ ಸಾಕು. ಎಷ್ಟು ಮಿ.ಲೀ. ಹಿಡಿಯಿತೋ ಅಷ್ಟು ಗ್ರಾಂ ಸೋಡಾವನ್ನು ಪ್ರತಿ ಲೀಟರ್ ಎಣ್ಣೆಗೆ 3.5 ಗ್ರಾಮಿನ ಮೇಲೆ ಸೇರಿಸಬೇಕು. 1.5 ಹಿಡಿದರೆ ಲೀಟರಿಗೆ 5 ಗ್ರಾಂ. ಹತ್ತು ಲೀಟರಿಗೆ 50 ಗ್ರಾಂ ಸೋಡಾ, 2 ಲೀಟರ್ ಮೆಥನಾಲ್. ಸೋಡಾ ಬಿಳಿಯಾಗಿ, ಒಣಗಿ, ಬಿಡಿಬಿಡಿಯಾಗಿರಲಿ. ತೇವ ಹೀರಿ ಗಟ್ಟಿಯಾದದ್ದರ ತೂಕ ಸುಳ್ಳು ಹೇಳುತ್ತದೆ.

ಐದು ಮಿ.ಲೀ. ಮೀರಿ ಹಿಡಿದರೆ ಅಲ್ಲಿಗೇ ಕೈಬಿಡಿ. ಈ ಅಳತೆಯಲ್ಲಿ ಒಂದು ಮಿ.ಲೀ. ಎಂದರೆ ಸುಮಾರು ಶೇ. 0.8 ಮುಕ್ತ ಕೊಬ್ಬಿನಾಮ್ಲ. ಶೇ. 4ರ ಎಣ್ಣೆಯಲ್ಲಿ ಸೋಡಾ ಸುರಿದರೆ ಬರುವುದು ಡೀಸೆಲ್ ಅಲ್ಲ, ಸಾಬೂನು. ಮೇಲೆ ಹೇಳಿದ ಹಸಿ ಹೊಂಗೆ ಬೀಜದ ಎಣ್ಣೆಯ ಹಣೆಬರಹವೂ ಇದೇ. ಅದಕ್ಕೆ ಮೊದಲು ಗಂಧಕಾಮ್ಲದ ಹಂತ ಬೇಕು, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಸೋಡಾವನ್ನು ಮೆಥನಾಲಿನಲ್ಲಿ ಕರಗಿಸುವಾಗ ಬಿಸಿ ಏಳುತ್ತದೆ, ಸ್ವಲ್ಪಸ್ವಲ್ಪವೇ ಹಾಕಿ. ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಡಬ್ಬ ಅಥವಾ ಸ್ಟೀಲು ಸರಿ. ಅಲ್ಯೂಮಿನಿಯಮ್ಮನ್ನು ಸೋಡಾ ತಿನ್ನುತ್ತದೆ. ಎಣ್ಣೆ 55 ಡಿಗ್ರಿಯಲ್ಲಿರುವಾಗ ಇದನ್ನು ಸೇರಿಸಿ, ಮುಚ್ಚಿ, ಒಂದು ಗಂಟೆ ಕಲಕಿ. 60 ದಾಟಬಾರದು, ಮೆಥನಾಲ್ 64.7ಕ್ಕೆ ಕುದಿಯುತ್ತದೆ. ರಾತ್ರಿಯಿಡೀ ಬಿಟ್ಟರೆ ಕಂದು ಗ್ಲಿಸರಿನ್ ತಳಕ್ಕಿಳಿಯುತ್ತದೆ. ಅದನ್ನು ಬಸಿದು ಪರೀಕ್ಷಿಸಿ: 27 ಮಿ.ಲೀ. ಮೆಥನಾಲಿನಲ್ಲಿ 3 ಮಿ.ಲೀ. ಬಯೋಡೀಸೆಲ್ ಹಾಕಿ ಅಲುಗಿಸಿದಾಗ ಪೂರ್ತಿ ಕರಗಬೇಕು. ತಳದಲ್ಲಿ ಎಣ್ಣೆಯ ಹನಿ ನಿಂತರೆ ಕ್ರಿಯೆ ಅರ್ಧಕ್ಕೇ ನಿಂತಿದೆ. ಸರಿಯಿದ್ದರೆ ಮೂರನೇ ಒಂದು ಪಾಲು ಬೆಚ್ಚನೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ, ಮೊದಲ ಸಲ ಕಲಕದೆ ಮೇಲಿನಿಂದ ಚಿಮುಕಿಸಿ. ಜೋರಾಗಿ ಕಲಕಿದರೆ ಮಜ್ಜಿಗೆಯಂತಾಗಿ ದಿನಗಟ್ಟಲೆ ಬೇರೆಯಾಗುವುದಿಲ್ಲ. ಕೊನೆಗೆ ನೀರು ಹಾರಿಸಿ. ಗಾಜಿನ ಲೋಟದ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದುವಷ್ಟು ತಿಳಿಯಾಗಿರಬೇಕು. ಬಸಿದ ಗ್ಲಿಸರಿನ್‌ನಲ್ಲಿ ಮೆಥನಾಲ್ ಇರುತ್ತದೆ, ಕೈತೊಳೆಯುವ ಸಾಬೂನು ಮಾಡಲು ಹೋಗಬೇಡಿ.

ಜನರೇಟರಿಗೆ ಡೀಸೆಲ್‌ನೊಂದಿಗೆ ಶೇ. 20ರವರೆಗೆ ಬೆರೆಸಿ ಶುರುಮಾಡಿ. ವಾರಂಟಿ ಇದ್ದರೆ ಅದು ಹೋಗುತ್ತದೆ ಎಂದೇ ತಿಳಿಯಿರಿ. ಮೂರು ತಿಂಗಳಿಗಿಂತ ಹೆಚ್ಚು ಇಟ್ಟರೆ ಹಳಸುತ್ತದೆ. ಪಾಮೊಲಿನ್‌ನಿಂದ ಮಾಡಿದ್ದು ಡಿಸೆಂಬರ್ ಚಳಿಗೆ ಮಬ್ಬುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ದಿನಕ್ಕೆ ಐದಾರು ಲೀಟರ್ ಕರಿದ ಎಣ್ಣೆ ಉಳಿಯುವ ಖಾನಾವಳಿಗೆ ಈ ರಗಳೆಗಿಂತ ಅಧಿಕೃತ ಸಂಗ್ರಾಹಕರಿಗೆ ಮಾರುವುದು ಮೇಲು ಎಂದೇ ನಾವು ಹೇಳುತ್ತೇವೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ಇದಕ್ಕೊಂದು ವ್ಯವಸ್ಥೆ ನಡೆಸುತ್ತಿದೆ. ಎಣ್ಣೆಯ ಧ್ರುವೀಯ ಅಂಶ (ಪದೇಪದೇ ಕಾಯಿಸಿದಾಗ ಹೆಚ್ಚುವ ಕೆಟ್ಟ ಅಂಶ) ಶೇ. 25 ದಾಟಿದರೆ ಅದರಲ್ಲಿ ಕರಿಯುವಂತೆಯೇ ಇಲ್ಲ. ಮತ್ತೆ ಬಜ್ಜಿ ಬಾಣಲೆಗೆ ಹೋಗಬೇಕಿದ್ದ ಎಣ್ಣೆ ಎಂಜಿನ್ನಿಗೆ ಹೋಗುವುದು ಸಸ್ಯ ಇಂಧನದ ಅತ್ಯಂತ ನಿರ್ಮಲವಾದ ಲಾಭ: ಅದಕ್ಕಾಗಿ ಯಾರೂ ಒಂದು ಗುಂಟೆ ನೆಲ ಉಳಬೇಕಿಲ್ಲ.

ಎಥನಾಲಿನಿಂದ ಕಬ್ಬು ಬೆಳೆಗಾರರಿಗೆ ಒಳ್ಳೆಯದಾಯಿತು. ಆದರೂ ಕಬ್ಬಿನ ಎಥನಾಲ್ ನೀರು ಕುಡಿಯುತ್ತದೆ ಎಂದು ದೂರುತ್ತಾರೆ. ಇದು ನ್ಯಾಯವೇ?
— ಓದುಗರು, ಮಂಡ್ಯ

ಅರ್ಧ ನ್ಯಾಯ. ಯಾವ ಎಥನಾಲ್ ಎಂದು ಕೇಳದೆ ಹೇಳುವ ಮಾತು ಅದು.

ಕಬ್ಬಿಗೆ ಒಂದು ಬೆಳೆಗೆ ಸುಮಾರು 2000 ಮಿ.ಮೀ. ನೀರು ಬೇಕೆನ್ನಿ. ಎಕರೆಗೆ ಅದು 80 ಲಕ್ಷ ಲೀಟರ್, ಮಳೆಯೂ ಕಾಲುವೆಯೂ ಸೇರಿ. ಎಕರೆಗೆ 40 ಟನ್ ಬಂದು, ಟನ್ನಿಗೆ 70 ಲೀಟರಿನಂತೆ ಕಬ್ಬಿನ ಹಾಲನ್ನೇ ನೇರವಾಗಿ ಎಥನಾಲ್ ಮಾಡಿದರೆ 2800 ಲೀಟರ್. ಭಾಗಿಸಿ ನೋಡಿ, ಲೀಟರ್ ಎಥನಾಲಿಗೆ 2800 ಲೀಟರಿಗೂ ಮೇಲೆ ನೀರು. ನೀತಿ ಆಯೋಗದ ವರದಿ ಕೊಟ್ಟ 2860 ಕೂಡ ಇಲ್ಲಿಗೇ ಬಂದು ನಿಲ್ಲುತ್ತದೆ.

ಆದರೆ ಸಕ್ಕರೆ ತೆಗೆದ ಮೇಲೆ ಉಳಿದ ಕೊನೆಯ ಕಾಕಂಬಿಯಿಂದ ಬರುವ ಎಥನಾಲಿನ ಲೆಕ್ಕ ಬೇರೆ. ಟನ್ ಕಬ್ಬಿಗೆ ಕಾಕಂಬಿ 40–45 ಕಿಲೋ, ಅದರಿಂದ ಎಥನಾಲ್ ಹತ್ತು ಲೀಟರ್ ಅಷ್ಟೇ. ನೀರನ್ನು ಕುಡಿದದ್ದು ಸಕ್ಕರೆ, ಇದು ಅದರ ಎಂಜಲು. ಎಂಜಲನ್ನು ಇಂಧನ ಮಾಡುವುದಕ್ಕೆ ಯಾರ ತಕರಾರೂ ಇರಬೇಕಿಲ್ಲ. ಹಾಲನ್ನೇ ಹರಿಸುವುದಕ್ಕೆ, ಅದಕ್ಕೆಂದೇ ಹೊಸ ಗದ್ದೆಗೆ ಕಬ್ಬು ತರುವುದಕ್ಕೆ ತಕರಾರಿದೆ. 2023ರಲ್ಲಿ ಮಹಾರಾಷ್ಟ್ರ, ಕರ್ನಾಟಕದಲ್ಲಿ ಮಳೆ ಕೈಕೊಟ್ಟು ಸಕ್ಕರೆ ಇಳಿಯುವ ಭಯ ಬಂದಾಗ ಕೇಂದ್ರ ಡಿಸೆಂಬರಿನಲ್ಲಿ ಹಾಲಿನಿಂದ ಎಥನಾಲ್ ಮಾಡುವುದಕ್ಕೇ ಕಡಿವಾಣ ಹಾಕಿತು, ಮುಂದಿನ ವರ್ಷ ತೆಗೆಯಿತು. ಮಳೆ ನೋಡಿ ಬದಲಾಗುವ ಇಂಧನ ಇದು ಎಂಬುದನ್ನು ಡಿಸ್ಟಿಲರಿಗೆ ಸಾಲ ಮಾಡುವವರು ಮರೆಯಬಾರದು.

ರೈತರಿಗೆ ಒಳ್ಳೆಯದಾದ ಮಾತು ನಿಜ. ಸಕ್ಕರೆ ಗೋದಾಮಿನಲ್ಲಿ ಕೊಳೆಯುತ್ತ ಹಣ ಸಿಕ್ಕಿಹಾಕಿಕೊಳ್ಳುವ ಬದಲು ಎಥನಾಲ್ ಬೇಗ ಕಾಸಾಗುವುದರಿಂದ ಕಾರ್ಖಾನೆಗೆ ಬಾಕಿ ತೀರಿಸುವ ಶಕ್ತಿ ಬರುತ್ತದೆ. ಕಬ್ಬಿಗೆ ಇನ್ನೊಂದು ಹೆಚ್ಚುಗಾರಿಕೆ, ಬಟ್ಟಿ ಇಳಿಸುವ ಬಿಸಿಗೆ ಅದರ ಸಿಪ್ಪೆಯೇ ಉರುವಲು. ಕೆಟ್ಟದ್ದು ಡಿಸ್ಟಿಲರಿಯ ಹಿಂಬಾಗಿಲಲ್ಲಿದೆ: ಕಾಕಂಬಿಯ ಒಂದು ಲೀಟರ್ ಎಥನಾಲಿಗೆ ಎಂಟು ಹತ್ತು ಲೀಟರ್, ಕೆಲವೆಡೆ ಇನ್ನೂ ಹೆಚ್ಚು, ಕಪ್ಪು ಕೊಳೆನೀರು. ಅದನ್ನು ಹೊರಗೆ ಹರಿಸಬಾರದೆಂಬುದು ನಿಯಮ; ಹಲವೆಡೆ ಕಾಯಿಸಿ ಗಟ್ಟಿ ಮಾಡಿ ಸುಡುತ್ತಾರೆ. ಹಳ್ಳದ ನೀರು ಕಾಫಿ ಬಣ್ಣಕ್ಕೆ ತಿರುಗಿದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯುವಾಗ ಚಿತ್ರದ ಜೊತೆ ಬಾಟಲಿಯಲ್ಲಿ ಮಾದರಿಯೂ ಇರಲಿ.

ಮೆಕ್ಕೆಜೋಳದ ಎಥನಾಲ್ ಘಟಕದಿಂದ ಬರುವ ಒಣ ಗಸಿ ಹಸುಗಳಿಗೆ ಅಗ್ಗವಾಗಿ ಸಿಗುತ್ತಿದೆ. ಹಾಕಬಹುದೇ?
— ಓದುಗರು, ಹಾವೇರಿ

ಹಾಕಬಹುದು, ಅಳತೆಯಿಂದ. ಟನ್ ಮೆಕ್ಕೆಜೋಳದಲ್ಲಿ ಸುಮಾರು 380 ಲೀಟರ್ ಎಥನಾಲ್ ಬಂದು ಉಳಿಯುವ ಗಸಿ 300 ಕಿಲೋದಷ್ಟು. ಪಿಷ್ಟ ಹೋದ ಮೇಲೆ ಉಳಿದದ್ದೆಲ್ಲ ಮೂರು ಪಟ್ಟು ಸಾಂದ್ರವಾಗಿರುತ್ತದೆ. ಪ್ರೋಟೀನಿನ ಜೊತೆಗೆ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಕೂಡ. ಮಳೆಗೆ ನೆನೆದ ಜೋಳ ಡಿಸ್ಟಿಲರಿಗೆ ಹೋಗಿದ್ದರೆ ಆ ವಿಷ ಗಸಿಗೆ, ಅಲ್ಲಿಂದ ಹಾಲಿಗೆ ಬರುತ್ತದೆ. ಪರೀಕ್ಷಾ ವರದಿ ಕೇಳಿ ಕೊಳ್ಳಿ. ದಾಣಿಯಲ್ಲಿ ಶೇ. 15–20 ಮೀರಿಸಬೇಡಿ. ಕಡುಕಂದು ಬಣ್ಣ, ಸುಟ್ಟ ವಾಸನೆ ಇದ್ದರೆ ಅತಿ ಬಿಸಿಯಲ್ಲಿ ಒಣಗಿಸಿದ್ದು, ಪ್ರೋಟೀನ್ ಹಸುವಿಗೆ ದಕ್ಕುವುದಿಲ್ಲ. ಅಂದಹಾಗೆ, ಕೋಳಿ ಸಾಕುವವರು ಇದೇ ಎಥನಾಲನ್ನು ಶಪಿಸುತ್ತಿದ್ದಾರೆ, ಅವರ ಮೆಕ್ಕೆಜೋಳ ದುಬಾರಿಯಾಯಿತೆಂದು. ಮೆಕ್ಕೆಜೋಳ ಬೆಳೆದವರಿಗೆ ಬಂದ ಬೆಲೆ ಅವರ ಜೇಬಿನಿಂದಲೂ ಬಂದಿದೆ.

ಗಿಡ ಹೀರಿದ ಇಂಗಾಲವೇ ಉರಿದಾಗ ಹೊರಬರುವುದಾದರೆ ಸಸ್ಯ ಇಂಧನದಿಂದ ವಾತಾವರಣಕ್ಕೆ ಹಾನಿ ಶೂನ್ಯ ತಾನೆ?
— ವಿದ್ಯಾರ್ಥಿ, ಧಾರವಾಡ

ಉರಿಯುವ ಕ್ಷಣದ ಲೆಕ್ಕ ಹೌದು. ಅದಕ್ಕೆ ಮುಂಚಿನದು? ಯೂರಿಯಾ ತಯಾರಿಸಲು ನೈಸರ್ಗಿಕ ಅನಿಲ, ನೀರೆತ್ತಲು ವಿದ್ಯುತ್, ಸಾಗಣೆಗೆ ಡೀಸೆಲ್, ಧಾನ್ಯದ ಡಿಸ್ಟಿಲರಿಯಲ್ಲಾದರೆ ಬಾಯ್ಲರಿಗೆ ಎಷ್ಟೋ ಕಡೆ ಕಲ್ಲಿದ್ದಲು. ಹೊಲಕ್ಕೆ ಹಾಕಿದ ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡಾಗಿ ಹಾರುತ್ತದೆ. ಕಿಲೋಗೆ ಕಿಲೋ ಹೋಲಿಸಿದರೆ ಅದು ಇಂಗಾಲದ ಡೈ ಆಕ್ಸೈಡಿಗಿಂತ 273 ಪಟ್ಟು ಬಿಸಿ ಏರಿಸುತ್ತದೆ.

ಎಲ್ಲಕ್ಕಿಂತ ದೊಡ್ಡದು, ಆ ಗಿಡ ನಿಂತ ಜಾಗದಲ್ಲಿ ಮುಂಚೆ ಏನಿತ್ತು ಎಂಬುದು. ಇಂಡೊನೇಷ್ಯಾ 2025ರಿಂದ ಡೀಸೆಲ್‌ಗೆ ಶೇ. 40 ತಾಳೆ ಎಣ್ಣೆಯ ಬಯೋಡೀಸೆಲ್ ಬೆರೆಸುತ್ತಿದೆ. ಅಲ್ಲಿ ತಾಳೆಗಾಗಿ ಕಡಿದು ಒಣಗಿಸಿದ ಜೌಗುಕಾಡಿನ ನೆಲ ಸಾವಿರಾರು ವರ್ಷ ಕೂಡಿಟ್ಟ ಇಂಗಾಲವನ್ನು ಬಿಡುತ್ತಲೇ ಇರುತ್ತದೆ. ಆ ಸಾಲವನ್ನು ತಾಳೆ ಎಣ್ಣೆ ಹಲವು ತಲೆಮಾರಾದರೂ ತೀರಿಸಲಾರದು. ಬ್ರೆಜಿಲ್ 1973ರ ತೈಲ ಬಿಕ್ಕಟ್ಟಿನ ಬಳಿಕ 1975ರಲ್ಲಿ ಎಥನಾಲ್ ಹಿಡಿದು, 2003ರಿಂದ ಯಾವ ಮಿಶ್ರಣಕ್ಕೂ ಒಗ್ಗುವ ಕಾರು ತಂದು ಗೆದ್ದಿದೆ, ಏಕೆಂದರೆ ಅಲ್ಲಿನ ಕಬ್ಬಿಗೆ ಬಹುಪಾಲು ಮಳೆಯೇ ನೀರು. ಆ ಉದಾಹರಣೆಯನ್ನು ಕಾವೇರಿ, ಕೃಷ್ಣೆಯ ಕಾಲುವೆಯಡಿಗೆ ಹಾಗೇ ತಂದು ಕೂರಿಸಲಾಗದು.

ಹುಲ್ಲಿನಿಂದ ಎಥನಾಲ್ ಮಾಡಿದರೆ ಈ ಜಗಳವೇ ಇಲ್ಲ ಎನ್ನಬಹುದು. ಪಾಣಿಪತ್ತಿನಲ್ಲಿ 2022ರ ಆಗಸ್ಟಿನಲ್ಲಿ ಉದ್ಘಾಟನೆಯಾದ ಘಟಕದ ಗುರಿ ವರ್ಷಕ್ಕೆ ಎರಡು ಲಕ್ಷ ಟನ್ ಭತ್ತದ ಹುಲ್ಲಿನಿಂದ ಮೂರು ಕೋಟಿ ಲೀಟರ್. ಟನ್ನಿಗೆ 150 ಲೀಟರಾಯಿತು, ಮೆಕ್ಕೆಜೋಳದ ಅರ್ಧಕ್ಕಿಂತ ಕಡಿಮೆ. ಹುಲ್ಲಿನ ನಾರನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ದುಬಾರಿ, ಹಗುರವಾದ ಹುಲ್ಲನ್ನು ಸಾಗಿಸುವುದು ಇನ್ನೂ ದುಬಾರಿ.

ಇಪ್ಪತ್ತು ವರ್ಷದ ಹಿಂದೆ ಜಟ್ರೋಫಾ ಬಂಗಾರದ ಬೆಳೆ ಎಂದಿದ್ದರು. ಏನಾಯಿತು?
— ಓದುಗರು, ಚಿತ್ರದುರ್ಗ

ಬರದಲ್ಲಿ ಬದುಕುವುದು ಬೇರೆ, ಬರದಲ್ಲಿ ಕಾಯಿ ಬಿಡುವುದು ಬೇರೆ. ಜಟ್ರೋಫಾ, ನಮ್ಮ ಕಾಡುಹರಳು, ಮೊದಲನೆಯದನ್ನು ಮಾಡಿತು, ಎರಡನೆಯದನ್ನು ಮಾಡಲಿಲ್ಲ. ನೀರು ಗೊಬ್ಬರ ಕೊಟ್ಟರೆ ಕಾಯಿ ಬಿಡುತ್ತದೆ, ಆದರೆ ನೀರು ಗೊಬ್ಬರ ಇದ್ದ ನೆಲದಲ್ಲಿ ಯಾರಾದರೂ ಕಾಡುಹರಳು ಬೆಳೆಯುತ್ತಾರೆಯೇ? ಕಾಯಿ ಒಟ್ಟಿಗೆ ಮಾಗದೆ ತಿಂಗಳುಗಟ್ಟಲೆ ಕೊಯ್ಯಬೇಕು. ತಳಿ ಅಭಿವೃದ್ಧಿಯಾಗುವ ಮುಂಚೆಯೇ ಕಾಡಿನ ಬೀಜವನ್ನು ನೆಡಿಸಿದರು. 2005ರ ಖರೀದಿ ನೀತಿ ಬಯೋಡೀಸೆಲ್‌ಗೆ ಲೀಟರಿಗೆ 25 ರೂಪಾಯಿ ಎಂದಿತ್ತು, ತಯಾರಿಕೆಯ ಖರ್ಚು ಅದಕ್ಕಿಂತ ಹೆಚ್ಚು. ಹಿಂಡಿಯೂ ವಿಷ, ಬೀಜವೂ ವಿಷ. ಬೇಲಿಯಲ್ಲಿ ಉಳಿದಿದ್ದರೆ ಮಕ್ಕಳು ಬೀಜ ತಿನ್ನದಂತೆ ನೋಡಿಕೊಳ್ಳಿ.

ಅಡಿಕೆ ಸಿಪ್ಪೆಯನ್ನು ಗೋಬರ್ ಗ್ಯಾಸ್ ಗುಂಡಿಗೆ ಹಾಕಬಹುದೇ?
— ಓದುಗರು, ತೀರ್ಥಹಳ್ಳಿ

ಬೇಡ. ನಾರು ಕೊಳೆಯುವುದಿಲ್ಲ, ತೇಲಿ ಕೆನೆಗಟ್ಟಿ ಗ್ಯಾಸನ್ನು ತಡೆಯುತ್ತದೆ. ಎರಡು ಘನಮೀಟರಿನ ಗುಂಡಿಗೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಕೊಟ್ಟರೆ ಸಿಲಿಂಡರ್ ಗ್ಯಾಸಿನ ಮುಕ್ಕಾಲರಿಂದ ಒಂದು ಕಿಲೋದಷ್ಟು ಇಂಧನ ದಿನವೂ ಸಿಗುತ್ತದೆ. ಅದಕ್ಕೆ ಸಿಪ್ಪೆ ಸೇರಿಸಿ ಕೆಡಿಸಬೇಡಿ.

ಸಿಪ್ಪೆಗೆ ಒಲೆಯೋ ಗ್ಯಾಸಿಫೈಯರೋ ಸರಿ. ಕಡಿಮೆ ಗಾಳಿಯಲ್ಲಿ ಉರಿಸಿ ಬರುವ ಅನಿಲದಲ್ಲಿ ಎಂಜಿನ್ ಓಡಿಸಬಹುದು. ಸುಮಾರು ಒಂದು ಕಿಲೋ ಒಣ ಕಟ್ಟಿಗೆಗೆ ಒಂದು ಯೂನಿಟ್ ವಿದ್ಯುತ್. ಭಾರತೀಯ ವಿಜ್ಞಾನ ಸಂಸ್ಥೆ 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಇಂಥದ್ದೇ 3.7 ಕಿಲೋವಾಟ್ ಘಟಕ ಹಾಕಿ ಮನೆಗಳಿಗೆ ದೀಪ ಕೊಟ್ಟಿತ್ತು. ಆದರೆ ಸಿಪ್ಪೆ ಹಗುರ, ಸುರುಳಿಸುತ್ತಿ ಒಳಗೆ ಸೇತುವೆ ಕಟ್ಟಿ ನಿಲ್ಲುತ್ತದೆ. ಕತ್ತರಿಸಿ ಒತ್ತಿ ಇಟ್ಟಿಗೆ ಮಾಡಿದರೆ ಮಾತ್ರ ಸರಾಗ. ತೇವ ಶೇ. 15 ದಾಟಿದರೆ ಟಾರು ಬಂದು ಎಂಜಿನ್ ವಾಲ್ವು ಅಂಟುತ್ತದೆ. ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯಿಲ್ಲ. ಮುಚ್ಚಿದ ಕೊಟ್ಟಿಗೆಯೊಳಗೆ ಘಟಕ ಇಡಬೇಡಿ.

ಹರಳೆಣ್ಣೆ ಅಗ್ಗವಾದಾಗ ಡೀಸೆಲ್‌ಗೆ ಬೆರೆಸಬಹುದೇ?
— ಓದುಗರು, ಕೊಪ್ಪಳ

ಬೆರೆಸಬೇಡಿ. ಎಣ್ಣೆಗಳಲ್ಲೆಲ್ಲ ಮಂದವಾದದ್ದು ಅದು, 40 ಡಿಗ್ರಿಯಲ್ಲೂ ಹೊಂಗೆ ಎಣ್ಣೆಯ ಐದಾರು ಪಟ್ಟು. ಬಯೋಡೀಸೆಲ್ ಮಾಡಿದರೂ ಮಂದತನ ಮಾನದಂಡದೊಳಗೆ ಬರುವುದಿಲ್ಲ. ಆ ಗುಣಕ್ಕೇ ಅದಕ್ಕೆ ಬೆಲೆ: ಮೊದಲ ಮಹಾಯುದ್ಧದ ಅನೇಕ ವಿಮಾನಗಳ ಎಂಜಿನ್ನಿಗೆ ಹರಳೆಣ್ಣೆಯೇ ಜಾರುಕವಾಗಿತ್ತು, ಇಂದಿಗೂ ಗ್ರೀಸು, ಬಣ್ಣ, ನೈಲಾನ್ ತಯಾರಿಸುವವರು ಡೀಸೆಲ್‌ಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ಬೆಲೆ ಬಿದ್ದಾಗ ಬೀಜವನ್ನು ಒಣಗಿಸಿ ಇಟ್ಟುಕೊಳ್ಳಿ, ಸಿಪ್ಪೆ ಬಿಡಿಸದೆ ಇಟ್ಟರೆ ಒಂದು ವರ್ಷ ತಾಳುತ್ತದೆ.